ಗಾಡಿ ಹೀಟ್ ಆಗ್ತಿದೆಯಾ? ರೇಡಿಯೇಟರ್ ಬದಲಿಸುವ ಮೊದಲು ಇಷ್ಟು ನೋಡಿ

ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ಕಾರಿನಲ್ಲಿ ಓಡಾಡುವ ನಮ್ಮವರು ಏಪ್ರಿಲ್ ಬಂತೆಂದರೆ ಒಂದೇ ಪ್ರಶ್ನೆ ಕೇಳುತ್ತಾರೆ. "ಖಂಬಾಟಕಿ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ಏನು ಬದಲಿಸಬೇಕು?" ಮುಂಬೈಯವರದ್ದು ಸ್ವಲ್ಪ ಬೇರೆ. ಸಿಗ್ನಲ್‌ನಲ್ಲಿ ನಿಂತರೆ ಹೀಟ್, ಓಡಿದರೆ ಸರಿ. ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗುವವರದ್ದು ಇನ್ನೊಂದು ಕಥೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೆ ಎಲ್ಲ ಒಂದೇ ಕಡೆ ಬರೆದು ಇಡುತ್ತಿದ್ದೇನೆ.

ಏನು ಬದಲಿಸಬೇಕು ಅನ್ನುವುದು ಕೊನೆಯ ಪ್ರಶ್ನೆ. ಅದಕ್ಕೂ ಮೊದಲು ಎರಡು ಪ್ರಶ್ನೆ ಇವೆ. ಯಾವಾಗ ಹೀಟ್ ಆಗುತ್ತದೆ? ನೀರು (ಅಂದರೆ ಇಂಜಿನ್ ಮತ್ತು ರೇಡಿಯೇಟರ್ ನಡುವೆ ಸುತ್ತಿ ಬಿಸಿ ಹೊರಹಾಕುವ ಕೂಲೆಂಟ್ ಬೆರೆತ ನೀರು) ಎಲ್ಲಿಗೆ ಹೋಗುತ್ತಿದೆ? ಈ ಎರಡಕ್ಕೆ ಉತ್ತರ ಗೊತ್ತಿಲ್ಲದೆ ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಊಹೆಯ ಮೇಲೆ ಸಾಮಾನು ಹಾಕುತ್ತಾನೆ, ದುಡ್ಡು ನೀವು ಕೊಡುತ್ತೀರಿ. ನಾನೂ ಕೊಟ್ಟಿದ್ದೇನೆ. ಹೊಸ ರೇಡಿಯೇಟರ್ ಹಾಕಿಸಿಕೊಂಡು ಬಂದ ಮೂರನೇ ದಿನ ಗಾಡಿ ಮತ್ತೆ ಹೀಟ್ ಆಯಿತು, ಕೊನೆಗೆ ನೋಡಿದರೆ ಹೋಗಿದ್ದು ಫ್ಯಾನಿನ ರಿಲೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ವಸ್ತು.

ಈಗಲೇ ದಾರಿಯಲ್ಲಿ ನಿಂತಿದ್ದರೆ

ಇದನ್ನು ರಸ್ತೆ ಪಕ್ಕ ನಿಂತುಕೊಂಡು ಓದುತ್ತಿದ್ದರೆ ಪತ್ತೆ ಕೆಲಸವೆಲ್ಲ ಆಮೇಲೆ, ಮೊದಲು ಇಷ್ಟು ಮಾಡಿ.

ಮುಳ್ಳು ಮೇಲೇರುತ್ತಿದೆ ಅಷ್ಟೇ, ಕೆಂಪು ಮುಟ್ಟಿಲ್ಲ ಅಂದರೆ ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಟ್ಟು ಕಿಟಕಿ ಇಳಿಸಿ. ಮೇ ತಿಂಗಳಲ್ಲಿ ಹೀಟರಾ ಅಂತ ಹಿಂದೆ ಕೂತವರು ಬೈಯುತ್ತಾರೆ, ಬೈಯಲಿ. ಹೀಟರ್ ಒಳಗಿರುವುದೂ ಒಂದು ಪುಟ್ಟ ರೇಡಿಯೇಟರೇ, ಇಂಜಿನ್ ಬಿಸಿಯನ್ನು ಒಂದಿಷ್ಟು ಅದು ಹೊರಗೆ ಎಳೆಯುತ್ತದೆ.

ಮುಳ್ಳು ಕೆಂಪು ಮುಟ್ಟಿದರೆ, ಕೆಂಪು ದೀಪ ಹತ್ತಿದರೆ, ಇಲ್ಲವೇ ಬಾನೆಟ್ ಸಂದಿಯಿಂದ ಹಬೆ ಬಂದರೆ ಗಾಡಿಯನ್ನು ಎಡಕ್ಕೆ ಹಾಕಿ ಇಂಜಿನ್ ಬಂದ್ ಮಾಡಿ. "ಇನ್ನೆರಡು ಕಿಲೋಮೀಟರ್‌ಗೆ ಢಾಬಾ ಇದೆ, ಅಲ್ಲಿ ನಿಲ್ಲಿಸೋಣ" ಅಂತ ಎಳೆಯಬೇಡಿ. ಇಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವುದು ಆ ಎರಡು ಕಿಲೋಮೀಟರ್‌ನಲ್ಲೇ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ ಸಹಾಯ ಕೇಳಬಹುದು.

ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಇದನ್ನು ಎಷ್ಟು ಸಲ ಬರೆದರೂ ಕಡಿಮೆಯೇ. ಒಳಗಿನ ನೀರು 100 ಡಿಗ್ರಿಗಿಂತ ಬಿಸಿಯಾಗಿದ್ದರೂ ಒತ್ತಡದಲ್ಲಿರುವುದರಿಂದ ಸುಮ್ಮನೆ ಕೂತಿರುತ್ತದೆ. ಮುಚ್ಚಳ ತಿರುಗಿಸಿದಿರೋ, ಒತ್ತಡ ಹೋಗಿ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ರಬ್ಬರ್ ಪೈಪ್ ಒತ್ತಿದರೆ ಮೆತ್ತಗಿರಬೇಕು, ಕೈ ಇಟ್ಟರೆ ಸುಡಬಾರದು. ಆಮೇಲೆ ದಪ್ಪ ಬಟ್ಟೆ ಹಾಕಿ ನಿಧಾನ ತಿರುಗಿಸಿ. ಬಿಸಿ ಇಂಜಿನ್ ಮೇಲೆ ಅಥವಾ ಒಳಗೆ ಒಮ್ಮೆಲೇ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ಇಂಜಿನ್ ಬಂದ್ ಆದಮೇಲೂ ಫ್ಯಾನ್ ತಾನಾಗಿ ಶುರುವಾಗುವುದುಂಟು, ಬೆರಳು ದೂರ ಇರಲಿ.

ಮನೆಗೆ ಬಂದಮೇಲೆ: ಬೇಕಾದ ಸಾಮಾನು

ಒಂದು ಟಾರ್ಚ್, ದಪ್ಪ ಕೈಗವಸು, ಹಳೆ ಬಟ್ಟೆ, ಲಾಳಿಕೆ, ಒಂದು ತುಂಡು ರಟ್ಟು, ಒಂದೆರಡು ಲೀಟರ್ ಡಿಸ್ಟಿಲ್ಡ್ ವಾಟರ್. ಕೈಗೆ ಎಟುಕದ ಜಾಗ ನೋಡುವುದಕ್ಕೆ ಫೋನಿನ ಕ್ಯಾಮೆರಾ ಸಾಕು. ಇದರ ಜೊತೆ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಇದ್ದರೆ ಅರ್ಧ ಕೆಲಸ ಹಗುರ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ ಫೋನಿಗೆ ಜೋಡಿಸಿದರೆ ಕೂಲೆಂಟ್ ಎಷ್ಟು ಡಿಗ್ರಿ ಇದೆ ಅಂತ ಅಂಕಿಯಲ್ಲೇ ತೋರಿಸುತ್ತದೆ. ಮೊದಲ ಸಲವೇ ದುಡ್ಡು ವಾಪಸ್ ಆಗುವ ವಸ್ತು ಇದು.

ಸ್ಕ್ಯಾನರ್ ಯಾಕೆ ಅಂದರೆ ಡ್ಯಾಶ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬುವ ಹಾಗಿಲ್ಲ. ಎಷ್ಟೋ ಕಾರುಗಳಲ್ಲಿ 80 ಡಿಗ್ರಿ ಇದ್ದರೂ 100 ಇದ್ದರೂ ಮುಳ್ಳು ನಟ್ಟನಡುವೆಯೇ ನಿಂತಿರುವ ಹಾಗೆ ಮಾಡಿರುತ್ತಾರೆ. ಅದು ನಡುವಿನಿಂದ ಅಲ್ಲಾಡುವ ಹೊತ್ತಿಗೆ ತಡವಾಗಿರುತ್ತದೆ. ಕೆಲವು ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ, ಬರೀ ಕೆಂಪು ದೀಪ.

1. ನಿಜವಾಗಿ ಹೀಟ್ ಆಗುತ್ತಿದೆಯಾ?

ಸಾಮಾನ್ಯವಾಗಿ ಕೂಲೆಂಟ್ 85ರಿಂದ 105 ಡಿಗ್ರಿ ಒಳಗೆ ಇರುತ್ತದೆ. 110 ದಾಟಿ ಏರುತ್ತಲೇ ಇದ್ದರೆ ಹೀಟ್ ನಿಜ. ಮುಳ್ಳು ತಣ್ಣಗಿನಿಂದ ಕೆಂಪಿಗೆ ಎರಡೇ ಸೆಕೆಂಡಿನಲ್ಲಿ ಹಾರಿದರೆ, ಇಲ್ಲವೇ ಗುಂಡಿಗೆ ಬಿದ್ದಾಗಲೆಲ್ಲ ಕುಣಿದರೆ, ಅದು ಸೆನ್ಸರ್ ಅಥವಾ ವೈರಿಂಗ್ ಕಾಟ. ಇಂಜಿನ್ ಅಷ್ಟು ಬೇಗ ಬಿಸಿಯೂ ಆಗದು, ತಣ್ಣಗೂ ಆಗದು.

ಇದರ ಉಲ್ಟಾ ಒಂದಿದೆ, ಅದು ಇನ್ನೂ ಅಪಾಯ. ನೀರು ಪೂರ್ತಿ ಖಾಲಿಯಾದಾಗ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತದೆ, ಆಗ ಮುಳ್ಳು ಕೆಳಗಿಳಿಯಬಹುದು. "ಹೀಟ್ ಕಮ್ಮಿ ಆಯ್ತು" ಅಂತ ಖುಷಿಪಟ್ಟು ಓಡಿಸಿದವರು ಇಂಜಿನ್ ಜಾಮ್ ಮಾಡಿಕೊಂಡಿದ್ದಾರೆ. ಮುಳ್ಳು ಏರಿ ಆಮೇಲೆ ಕಾರಣವಿಲ್ಲದೆ ಬಿದ್ದರೆ, ಹೀಟರಿನಿಂದ ತಣ್ಣನೆ ಗಾಳಿ ಬಂದರೆ, ನಿಲ್ಲಿಸಿ ನೀರು ನೋಡಿ.

2. ತಣ್ಣಗಿನ ಇಂಜಿನ್‌ನಲ್ಲಿ ಮಟ್ಟ ನೋಡಿ

ಬೆಳಿಗ್ಗೆ ಗಾಡಿ ಶುರು ಮಾಡುವ ಮೊದಲು ನೋಡಬೇಕು. ಬಾನೆಟ್ ಒಳಗಿರುವ ಕೂಲೆಂಟಿನ ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಕನಿಷ್ಠ, ಗರಿಷ್ಠ ಗೆರೆ ಇರುತ್ತದೆ, ನಡುವೆ ಇದ್ದರೆ ಸರಿ. ಆದರೆ ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ರೇಡಿಯೇಟರ್ ಮೇಲೆ ಬೇರೆ ಮುಚ್ಚಳ ಇರುವ ಗಾಡಿಯಾದರೆ ಅದನ್ನೂ ತೆಗೆದು ನೋಡಿ. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದು ಅಪರೂಪವೇನಲ್ಲ. ಇಂಜಿನ್ ತಣ್ಣಗಾಗುವಾಗ ಬಾಟಲಿಯಿಂದ ನೀರು ವಾಪಸ್ ಎಳೆದುಕೊಳ್ಳಬೇಕು, ಮುಚ್ಚಳ ಕೆಟ್ಟಿದ್ದರೆ ಅಥವಾ ನಡುವಿನ ಸಣ್ಣ ಪೈಪ್ ಬಿರಿದಿದ್ದರೆ ಅದು ಆಗುವುದಿಲ್ಲ.

ನೀರಿನ ಬಣ್ಣ ನೋಡಿ. ಹಸಿರು, ಕೆಂಪು, ಗುಲಾಬಿ, ಯಾವುದಾದರೂ ಇರಲಿ, ತಿಳಿಯಾಗಿರಬೇಕು. ತುಕ್ಕಿನ ಕಂದು ಬಣ್ಣ ಇದ್ದರೆ ಯಾರೋ ವರ್ಷಗಟ್ಟಲೆ ಬರೀ ನಲ್ಲಿ ನೀರು ಹಾಕಿದ್ದಾರೆ ಅಂತ ಅರ್ಥ. ಮೇಲೆ ಎಣ್ಣೆ ತೇಲುತ್ತಿದ್ದರೆ ನೇರ 8ನೇ ಹಂತಕ್ಕೆ ಹೋಗಿ.

ಮಟ್ಟ ಇಳಿದಿದ್ದರೆ ತುಂಬಿಸಿ, ಬಾಟಲಿಯ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದು ತಾರೀಕು ಬರೆಯಿರಿ. ಈ ಗೆರೆ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

3. ಯಾವಾಗ ಹೀಟ್ ಆಗುತ್ತದೆ?

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಒಂದು ವಾರ ಗಮನಿಸಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಟ್ರಾಫಿಕ್‌ನಲ್ಲಿ ನಿಂತಾಗ ಏರುತ್ತದೆ, ಓಡಿದರೆ ಇಳಿಯುತ್ತದೆ. ಸಂಜೆ ಏಳಕ್ಕೆ ಪುಣೆಯ ಹಿಂಜವಡಿಯಿಂದ ಹೊರಡುವವರಿಗೆ, ಮುಂಬೈನ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ತೆವಳುವವರಿಗೆ ಇದೇ ಜಾಸ್ತಿ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ, ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು. ಹಾಗಾಗಿ ಅನುಮಾನ ಮೊದಲು ಫ್ಯಾನ್ ಮೇಲೆ. 4ನೇ ಹಂತ.

ಟ್ರಾಫಿಕ್‌ನಲ್ಲಿ ಆರಾಮ, ಎಕ್ಸ್‌ಪ್ರೆಸ್‌ವೇಯಲ್ಲಿ 90-100ರ ವೇಗದಲ್ಲಿ ನಿಧಾನ ಏರುತ್ತದೆ. ಇಲ್ಲಿ ಫ್ಯಾನ್ ಪಾಪ ಏನೂ ಮಾಡಿಲ್ಲ. ಇಂಜಿನ್ ಹುಟ್ಟಿಸುವಷ್ಟು ಬಿಸಿಯನ್ನು ಹೊತ್ತೊಯ್ಯುವಷ್ಟು ನೀರು ಹರಿಯುತ್ತಿಲ್ಲ. ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಅರ್ಧವೇ ತೆರೆಯುತ್ತಿರಬಹುದು, ಪಂಪ್ ಸೊರಗಿರಬಹುದು. 5, 6ನೇ ಹಂತ.

ಘಾಟ್ ಹತ್ತುವಾಗ ಮಾತ್ರ. ಪುಣೆಯಿಂದ ಸಾತಾರಾ ಕಡೆ ಹಳೆ ಘಾಟ್ ರಸ್ತೆಯಲ್ಲಿ ಹೋದರೆ ಖಂಬಾಟಕಿ ಹತ್ತಬೇಕು, ವಾಪಸ್ ಬರುವಾಗ ಸುರಂಗದಲ್ಲಿ ಬರುತ್ತೇವೆ, ಅದಕ್ಕೇ ಹೋಗುವಾಗ ಹೀಟ್ ಆದ ಗಾಡಿ ಬರುವಾಗ ಏನೂ ಆಗದ ಹಾಗೆ ಬರುತ್ತದೆ. "ತಾನೇ ಸರಿಹೋಯ್ತು" ಅಂದುಕೊಳ್ಳಬೇಡಿ. ಐದು ಜನ, ಲಗೇಜು, ಏಸಿ, ಏರು, ಕಡಿಮೆ ವೇಗ, ಎಲ್ಲ ಸೇರಿದಾಗ ಮಾತ್ರ ಬಯಲಾಗುವ ದೌರ್ಬಲ್ಯ ಒಳಗಿದೆ. ಅರ್ಧ ಕಟ್ಟಿದ ರೇಡಿಯೇಟರ್, ಒತ್ತಡ ಹಿಡಿಯದ ಮುಚ್ಚಳ, ನೀರು ಜಾಸ್ತಿ ಕೂಲೆಂಟ್ ಕಡಿಮೆ ಆದ ಮಿಶ್ರಣ, ಇವುಗಳಲ್ಲಿ ಒಂದು ಇರುತ್ತದೆ. ಕ್ಲಚ್ ಜಾರುತ್ತಿದ್ದರೂ ಬ್ರೇಕ್ ಹಿಡಿದುಕೊಂಡಿದ್ದರೂ ಹೀಗಾಗುತ್ತದೆ. ಮೂರನೇ ಗೇರ್‌ನಲ್ಲಿ ಗುಂಯ್ ಅಂತ ಹಿಂಡುತ್ತಾ ಹತ್ತಿಸುವ ಅಭ್ಯಾಸವೂ ಕಾರಣ. ಎರಡಕ್ಕೆ ಇಳಿಸಿ, ಇಂಜಿನ್ ಬೇಗ ತಿರುಗಿದರೆ ಪಂಪ್ ಜಾಸ್ತಿ ನೀರು ತಳ್ಳುತ್ತದೆ.

ತಣ್ಣಗೆ ಶುರು ಮಾಡಿ ಐದು ಹತ್ತು ನಿಮಿಷದಲ್ಲೇ ಕೆಂಪು. ನೀರು ಇಲ್ಲ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ (8ನೇ ಹಂತ). ಇಂಥ ಗಾಡಿಯನ್ನು ಓಡಿಸಿ ಗ್ಯಾರೇಜಿಗೆ ಒಯ್ಯಬೇಡಿ, ಟೋ ಮಾಡಿಸಿ.

ಸರ್ವಿಸ್ ಮಾಡಿಸಿ ತಂದ ಮರುದಿನ ಶುರುವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅದಕ್ಕೆ 9ನೇ ಹಂತ.

4. ಫ್ಯಾನ್ ಮತ್ತು ಮುಂಭಾಗ

ಇಂಜಿನ್ ಶುರು ಮಾಡಿ ಏಸಿ ಹಾಕಿ. ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೇ ರೇಡಿಯೇಟರ್ ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟಾರ್ ಜೀವಂತ ಇದೆ. ಈಗ ಏಸಿ ಆಫ್ ಮಾಡಿ, ನಿಂತಲ್ಲೇ ಇಂಜಿನ್ ಓಡಲು ಬಿಟ್ಟು ಸ್ಕ್ಯಾನರ್ ನೋಡುತ್ತಿರಿ. ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಹತ್ತಿರ ಫ್ಯಾನ್ ಶುರುವಾಗಿ ಕೆಲವು ಡಿಗ್ರಿ ಇಳಿದಮೇಲೆ ನಿಲ್ಲಬೇಕು. ಏಸಿಗೆ ತಿರುಗಿ ಬಿಸಿಗೆ ತಿರುಗದಿದ್ದರೆ ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಿ. ಎರಡಕ್ಕೂ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್, ಫ್ಯೂಸ್ ಡಬ್ಬಿಯಲ್ಲೇ ಇರುತ್ತದೆ. ಅದೇ ನಂಬರಿನ ಇನ್ನೊಂದು ರಿಲೇ ಅಲ್ಲೇ ಇದ್ದರೆ ಅದಲುಬದಲು ಮಾಡಿ ನೋಡಿ. ಆಗಲೂ ತಿರುಗದಿದ್ದರೆ ಫ್ಯಾನಿನ ಪ್ಲಗ್ ಕಿತ್ತು ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಬೇಕು, ಕೈ ಪಳಗದವರು ಇದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಹಳೆಯ ಡೀಸೆಲ್ ಜೀಪುಗಳಲ್ಲಿ ಫ್ಯಾನ್ ಬೆಲ್ಟ್ ಮೇಲೆ ತಿರುಗುತ್ತದೆ, ನಡುವೆ ವಿಸ್ಕಸ್ ಕಪ್ಲಿಂಗ್ ಅಂತ ಎಣ್ಣೆ ತುಂಬಿದ ಒಂದು ಜೋಡಣೆ ಇರುತ್ತದೆ. ಇಂಜಿನ್ ಬಿಸಿಯಾದಮೇಲೆ ಬಂದ್ ಮಾಡಿ, ಕೀ ತೆಗೆದು, ಕೈಯಿಂದ ರೆಕ್ಕೆ ತಿರುಗಿಸಿ. ಬಿಗಿಯಾಗಿ ಇರಬೇಕು. ಗಿರಗಿಟ್ಟಲೆ ಹಾಗೆ ಸುತ್ತು ಹೊಡೆದರೆ ಕಪ್ಲಿಂಗ್ ಹೋಗಿದೆ.

ಒಂದು ಎಚ್ಚರಿಕೆ. "ಸಾಬ್, ಫ್ಯಾನ್ ಡೈರೆಕ್ಟ್ ಮಾಡಿಬಿಡ್ತೀನಿ" ಅಂತ ಹೇಳುವವರು ಪ್ರತಿ ಗಲ್ಲಿಯಲ್ಲೂ ಇದ್ದಾರೆ. ಕೀ ತಿರುಗಿಸಿದ ಕೂಡಲೇ ಫ್ಯಾನ್ ಸದಾ ಓಡುವ ಹಾಗೆ ವೈರ್ ಎಳೆಯುವುದು. ಊರು ಮುಟ್ಟುವವರೆಗೆ ಸರಿ, ಅದೇ ಕಾಯಂ ಆದರೆ ಮೋಟಾರ್ ಬೇಗ ಸವೆಯುತ್ತದೆ, ಫ್ಯೂಸ್ ಇಲ್ಲದೆ ಎಳೆದ ವೈರು ಬೆಂಕಿಗೂ ದಾರಿ.

ಫ್ಯಾನ್ ಸರಿ ಇದ್ದರೆ ಟಾರ್ಚ್ ಹಿಡಿದು ಗ್ರಿಲ್ ಒಳಗೆ ಇಣುಕಿ. ಮುಂದೆ ಕಾಣುವುದು ಏಸಿಯ ಕಂಡೆನ್ಸರ್, ರೇಡಿಯೇಟರ್ ಅದರ ಹಿಂದೆ. ಈ ಎರಡರ ನಡುವಿನ ಸಂದಿಯಲ್ಲಿ ಎಲೆ, ಹುಳ, ಪ್ಲಾಸ್ಟಿಕ್ ಕವರ್ ಸೇರಿಕೊಂಡಿರುತ್ತವೆ. ಮಳೆಗಾಲದಲ್ಲಿ ಮುಂಬೈ ಕೆಸರು, ಗೋವಾದ ಕೆಂಪು ಮಣ್ಣು ಒಣಗಿ ಗಾರೆಯಂತೆ ಕೂತಿರುತ್ತದೆ. ಇಂಜಿನ್ ಕಡೆಯಿಂದ ಹೊರಗೆ, ನಿಧಾನ ನೀರಿನಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ತೆಳು ರೆಕ್ಕೆಗಳು ಮಡಚಿ ಗಾಳಿಯೇ ಹೋಗದ ಹಾಗೆ ಆಗುತ್ತದೆ. ಬಂಪರ್ ಕೆಳಗಿನ ಪ್ಲಾಸ್ಟಿಕ್ ಕವರ್ ಸ್ಪೀಡ್ ಬ್ರೇಕರ್‌ಗೆ ತಾಗಿ ಬಿದ್ದುಹೋಗಿದ್ದರೆ ಅದನ್ನೂ ಹಾಕಿಸಿ. ಗಾಳಿಯನ್ನು ರೇಡಿಯೇಟರ್ ಕಡೆ ತಿರುಗಿಸುವುದರಲ್ಲಿ ಅದರ ಪಾಲೂ ಇದೆ.

5. ಥರ್ಮೋಸ್ಟಾಟ್

ಇಂಜಿನ್ ತಣ್ಣಗಿರುವಾಗ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆದು, ಬಿಸಿಯಾದಮೇಲೆ ತಾನಾಗಿ ತೆರೆಯುವ ವಾಲ್ವ್ ಇದು. ಹೆಚ್ಚಿನವು 82ರಿಂದ 90 ಡಿಗ್ರಿ ಆಸುಪಾಸಿನಲ್ಲಿ ತೆರೆಯುತ್ತವೆ, ಎಷ್ಟಕ್ಕೆ ಅಂತ ಅದರ ಮೈಮೇಲೇ ಕೊರೆದಿರುತ್ತದೆ.

ಬೆಳಿಗ್ಗೆ ಗಾಡಿ ಶುರು ಮಾಡಿ ರೇಡಿಯೇಟರಿನ ಮೇಲಿನ ಪೈಪ್ ಮೇಲೆ ಆಗಾಗ ಕೈ ಇಟ್ಟು ನೋಡಿ, ಬೆಲ್ಟ್ ಮತ್ತು ಫ್ಯಾನಿಂದ ದೂರ. ಮೊದಲು ತಣ್ಣಗಿದ್ದು, ಸ್ಕ್ಯಾನರ್ 85 ದಾಟಿದ ಸುಮಾರಿಗೆ ಬೇಗನೆ ಬಿಸಿಯಾದರೆ ವಾಲ್ವ್ ತೆರೆಯುತ್ತಿದೆ. ಸ್ಕ್ಯಾನರ್ 105 ತೋರಿಸಿದರೂ ಪೈಪ್ ತಣ್ಣಗಿದ್ದರೆ ಮುಚ್ಚಿಕೊಂಡಿದೆ. ಕೆಲವು ಇಂಜಿನ್‌ಗಳಲ್ಲಿ ಈ ವಾಲ್ವ್ ಕೆಳಗಿನ ಪೈಪ್ ಕಡೆ ಇರುತ್ತದೆ, ಆಗ ಕೆಳಗಿನದನ್ನು ಮುಟ್ಟಿ ನೋಡಬೇಕು. ಅನುಮಾನ ಇದ್ದರೆ ಬಿಚ್ಚಿ ಹಳೆ ಪಾತ್ರೆಯಲ್ಲಿ ನೀರಿಟ್ಟು, ತಳ ಮುಟ್ಟದ ಹಾಗೆ ದಾರದಲ್ಲಿ ಇಳಿಬಿಟ್ಟು ಕಾಯಿಸಿ. ಕುದಿಯುವ ಮೊದಲೇ ಬಾಯಿ ಬಿಡಬೇಕು. ಬಿಡದಿದ್ದರೆ ಎಸೆಯಿರಿ. ಪಾತ್ರೆಯನ್ನೂ ಮತ್ತೆ ಅಡುಗೆಮನೆಗೆ ಒಯ್ಯಬೇಡಿ.

ಈಗ ನನಗೆ ಸಿಟ್ಟು ಬರುವ ವಿಷಯ. "ನಮ್ಮದು ಬಿಸಿಲಿನ ದೇಶ, ವಾಲ್ವ್ ಬೇಕಾಗಿಲ್ಲ, ತೆಗೆದುಬಿಡೋಣ" ಅಂತ ಹೇಳುವ ಮೆಕ್ಯಾನಿಕ್‌ಗೆ ದಯವಿಟ್ಟು ಬೇಡ ಅನ್ನಿ. ವಾಲ್ವ್ ಇಲ್ಲದಿದ್ದರೆ ಇಂಜಿನ್ ಯಾವಾಗಲೂ ಅರೆಬಿಸಿಯಲ್ಲೇ ಓಡುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಕೆಲವು ಇಂಜಿನ್‌ಗಳಲ್ಲಿ ಈ ವಾಲ್ವ್ ತೆರೆದಾಗ ಅಡ್ಡದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಮೊದಲಿಗಿಂತ ಜಾಸ್ತಿ ಹೀಟ್ ಆಗುತ್ತದೆ. ಹೊಸದು ಹಾಕಿಸಿ, ಪುಣೆಯ ನಾನಾ ಪೇಠ್ ಕಡೆ ವಿಚಾರಿಸಿದರೆ ಸಿಗುತ್ತದೆ.

6. ರೇಡಿಯೇಟರ್ ಮತ್ತು ಪಂಪ್

ಇಂಜಿನ್ ಪೂರ್ತಿ ಬಿಸಿಯಾದಮೇಲೆ ಬಂದ್ ಮಾಡಿ, ಫ್ಯಾನ್ ಪ್ಲಗ್ ಕಿತ್ತು, ರೇಡಿಯೇಟರ್ ಮುಖದ ಮೇಲೆ ಅಲ್ಲಲ್ಲಿ ಬಿಸಿ ನೋಡಿ. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಚೆನ್ನ. ಬಿಸಿ ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಇಳಿಯಬೇಕು. ನಡುನಡುವೆ ತಣ್ಣನೆ ತೇಪೆಗಳಿದ್ದರೆ ಆ ಜಾಗದ ಕೊಳವೆಗಳು ಕಟ್ಟಿಕೊಂಡಿವೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಹಾಕಿದ ಗಾಡಿಗಳಲ್ಲಿ ಇದು ಸಾಮಾನ್ಯ, ನಿಮ್ಮ ಗೀಸರ್ ಒಳಗೆ ಕೂರುವ ಬಿಳಿ ಸುಣ್ಣವೇ ಇಲ್ಲೂ ಕೂರುತ್ತದೆ. ಸ್ವಲ್ಪ ಕಟ್ಟಿದ್ದರೆ ಫ್ಲಶ್ ಮಾಡಿಸಿದರೆ ಬಿಡುತ್ತದೆ, ಜಾಸ್ತಿ ಆಗಿದ್ದರೆ ಬದಲಿಸುವುದೇ ಸರಿ.

ಪಂಪನ್ನು ಗ್ಯಾರೇಜಿನವರು "ವಾಟರ್ ಬಾಡಿ" ಅನ್ನುತ್ತಾರೆ. ಅದರ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಒಸರಿದ ಬಣ್ಣದ ಕಲೆ ಕಂಡರೆ ಸೀಲ್ ಹೋಗಿದೆ. ಕರಕರ ಸದ್ದು ಬಂದರೆ, ಪುಲ್ಲಿ ಅಲ್ಲಾಡಿದರೆ ಬೇರಿಂಗ್. ಪಂಪ್ ಟೈಮಿಂಗ್ ಬೆಲ್ಟ್ ಮೇಲೆ ಓಡುವ ಗಾಡಿಯಾದರೆ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿ, ಎರಡೆರಡು ಸಲ ಬಿಚ್ಚುವ ಕೂಲಿ ಯಾಕೆ? ಇಂಜಿನ್ ರೇಸ್ ಮಾಡಿದಾಗ ಕೆಳಗಿನ ಪೈಪ್ ಚಪ್ಪಟೆಯಾದರೆ ಪೈಪೇ ಮುದಿಯಾಗಿದೆ, ಅಗ್ಗದ ರಿಪೇರಿ.

7. ಮುಚ್ಚಳ, ಮಿಶ್ರಣ, ಸೋರಿಕೆ

ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳ ಅಲ್ಲ. ಅದರ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅಷ್ಟು ಬಾರ್ ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತದೆ. ಒತ್ತಡ ಏರಿದರೆ ಕುದಿಯುವ ಮಟ್ಟವೂ ಏರುತ್ತದೆ, ನಮ್ಮ ಕುಕ್ಕರ್ ಲೆಕ್ಕವೇ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬರೀ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. 0.9ರ ಮುಚ್ಚಳ ಸರಿ ಇದ್ದರೆ ಅದೇ ನೀರು 118ರ ಹತ್ತಿರ ಹೋದರೂ ಕುದಿಯುವುದಿಲ್ಲ. ಅರ್ಧ ನೀರು ಅರ್ಧ ಕೂಲೆಂಟ್ ಇದ್ದರೆ 125ರ ಆಚೆಗೆ ಹೋಗುತ್ತದೆ. ಅಂದರೆ ಮುಚ್ಚಳದ ರಬ್ಬರ್ ಹರಿದಿದ್ದು, ಒಳಗೆ ಬರೀ ನೀರಿದ್ದರೆ, ಬೇರೆಲ್ಲ ಸರಿ ಇದ್ದ ಗಾಡಿಯೂ ಘಾಟ್‌ನಲ್ಲಿ ಕುದಿಯುತ್ತದೆ. ಇಷ್ಟು ಅಗ್ಗದ ವಸ್ತುವನ್ನು ಕೊನೆಗೆ ನೋಡುವುದು ನಮ್ಮ ಅಭ್ಯಾಸ. ಬದಲಿಸುವಾಗ ಅದೇ ಅಂಕಿಯದ್ದೇ ತನ್ನಿ, "ಜಾಸ್ತಿ ಇದ್ದರೆ ಒಳ್ಳೇದಲ್ವಾ" ಅಂತ 1.4 ಹಾಕಿದರೆ ಹಳೆ ಪೈಪು ಒಡೆಯುತ್ತದೆ.

ಕೂಲೆಂಟ್ ಡಬ್ಬಿ ಕೊಳ್ಳುವಾಗ ಲೇಬಲ್ ಓದಿ. ನೀರು ಬೆರೆಸಿ ಹಾಕುವ ಗಟ್ಟಿ ಕೂಲೆಂಟ್ ಒಂದು, ನೇರ ಸುರಿಯುವ ರೆಡಿಮೇಡ್ ಮಿಶ್ರಣ ಇನ್ನೊಂದು. ಗಟ್ಟಿಯದ್ದನ್ನೇ ತುಂಬಿದರೆ ಇನ್ನೂ ತಂಪು ಅಂತ ಕೆಲವರು ತಿಳಿದಿದ್ದಾರೆ, ಅದು ತಪ್ಪು. ಬಿಸಿ ಹೊತ್ತೊಯ್ಯುವುದರಲ್ಲಿ ನೀರೇ ಗಟ್ಟಿಗ. ಕೂಲೆಂಟ್ ಇರುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು. ಬಣ್ಣ ನೋಡಿ ಬೆರೆಸಬೇಡಿ, ಒಂದೇ ಬಣ್ಣದ ಎರಡು ಕಂಪನಿಯ ಕೂಲೆಂಟ್‌ಗಳ ಒಳಗಿನ ರಸಾಯನ ಬೇರೆ ಇರಬಹುದು. ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ. ದಾರಿಯಲ್ಲಿ ತುರ್ತಿಗೆ ಬಾಟಲಿ ನೀರು ಹಾಕಿದ್ದರೆ ತಪ್ಪಿಲ್ಲ, ಬಂದಮೇಲೆ ಬದಲಿಸಿ.

ಇನ್ನು ಸೋರಿಕೆ. ಗಾಡಿ "ನೀರು ಕುಡೀತಿದೆ" ಅನ್ನುತ್ತಾರಲ್ಲ, ಅದು ಎಲ್ಲೋ ಹೊರಗೋ ಒಳಗೋ ಹೋಗುತ್ತಿದೆ. ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿ ಬೆಳಿಗ್ಗೆ ನೋಡಿ. ಏಸಿ ಹಾಕಿ ಬಂದಾಗ ಬೀಳುವ ನೀರನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಮುಂಬೈ ಸೆಕೆಯಲ್ಲಿ ಅದು ಲೋಟಗಟ್ಟಲೆ ಬೀಳುತ್ತದೆ. ಬೆರಳಲ್ಲಿ ಮುಟ್ಟಿ. ಬಣ್ಣ ಇಲ್ಲ, ಅಂಟಿಲ್ಲ ಅಂದರೆ ಏಸಿ ನೀರು. ಬಣ್ಣ ಇದ್ದು ಜಿಗುಟಾಗಿದ್ದರೆ ಕೂಲೆಂಟ್. ರುಚಿ ನೋಡಬೇಡಿ, ಸಿಹಿ ಇರುತ್ತದೆ ಆದರೆ ವಿಷ. ಚೆಲ್ಲಿದ್ದನ್ನು ನಾಯಿ ಬೆಕ್ಕು ನೆಕ್ಕುತ್ತವೆ, ಕೂಡಲೇ ತೊಳೆದುಬಿಡಿ.

ರಟ್ಟು ಒಣಗಿದ್ದರೂ ಬಿಡಬೇಡಿ. ಬಿಸಿ ಇಂಜಿನ್ ಮೇಲೆ ಒಸರಿದ್ದು ಅಲ್ಲೇ ಆವಿಯಾಗಿ ಬಿಳಿ ಅಥವಾ ಬಣ್ಣದ ಪುಡಿ ಉಳಿಸಿರುತ್ತದೆ. ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಂಗೆ ಸೇರುವ ಅಂಚು, ಪೈಪಿನ ಕ್ಲಿಪ್‌ಗಳು, ಪಂಪಿನ ಕೆಳಗೆ, ಎಲ್ಲ ಟಾರ್ಚ್ ಹಾಕಿ ನೋಡಿ. ಗಾಡಿಯೊಳಗೆ ಸಿಹಿ ವಾಸನೆ, ಮುಂದಿನ ಸೀಟಿನ ಕೆಳಗೆ ಮ್ಯಾಟ್ ಒದ್ದೆ, ಗಾಜಿನ ಮೇಲೆ ಜಿಡ್ಡು ಮಂಜು ಇದ್ದರೆ ಹೀಟರ್ ಕಾಯಿಲ್, ಅಂದರೆ ಹೀಟರ್ ಒಳಗಿನ ಪುಟ್ಟ ರೇಡಿಯೇಟರ್, ಸೋರುತ್ತಿದೆ.

ಸಿಎನ್‌ಜಿ ಕಿಟ್ ಇರುವವರು ಇನ್ನೊಂದು ಜಾಗ ನೋಡಬೇಕು. ಪುಣೆ, ಮುಂಬೈಯಲ್ಲಿ ಸಿಎನ್‌ಜಿ ಗಾಡಿ ಎಷ್ಟಿವೆ ಅಂತ ಹೇಳಬೇಕಾಗಿಲ್ಲ, ಆದರೂ ಇದನ್ನು ನೋಡುವವರು ಕಡಿಮೆ. ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್ ಹೆಪ್ಪುಗಟ್ಟದಿರಲಿ ಅಂತ ಅದಕ್ಕೆ ಬಿಸಿ ಕೂಲೆಂಟ್ ಹಾಯಿಸಿರುತ್ತಾರೆ. ಹೊರಗಡೆ ಹಾಕಿಸಿದ ಕಿಟ್ ಆದರೆ ಹೀಟರ್ ಪೈಪ್ ಕತ್ತರಿಸಿ ಜಾಯಿಂಟ್ ಕೊಟ್ಟಿರುತ್ತಾರೆ, ಆ ಜಾಯಿಂಟ್‌ಗಳೇ ಮೊದಲು ಸೋರುವುದು.

ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿ ಅಂತ ಕೇಳಿ. ಇಂಜಿನ್ ತಣ್ಣಗಿರುವಾಗ ಮುಚ್ಚಳದ ಜಾಗದಲ್ಲಿ ಕೈಪಂಪ್ ಹಾಕಿ ಒತ್ತಡ ಕೊಟ್ಟು ಕಾಲು ಗಂಟೆ ಬಿಡುತ್ತಾರೆ. ಪಂಪಿನ ಮುಳ್ಳು ಇಳಿದರೆ ಸೋರಿಕೆ ಖಂಡಿತ.

ಅರಿಶಿನ ಹಾಕಬಹುದಾ ಅಂತ ಕೇಳುತ್ತೀರಿ, ಗೊತ್ತು. ಲಾರಿಯವರ ಹಳೆ ಉಪಾಯ ಅದು, ರೇಡಿಯೇಟರಿಗೆ ಅರಿಶಿನಪುಡಿ ಸುರಿದರೆ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಘಾಟ್‌ನಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಬೇರೆ ಮಾತು. ಆದರೆ ತೂತು ಯಾವುದು, ಕೊಳವೆ ಯಾವುದು ಅಂತ ಅರಿಶಿನಕ್ಕೆ ಗೊತ್ತಾಗುವುದಿಲ್ಲ, ಹೀಟರ್ ಕಾಯಿಲ್ ಅನ್ನೂ ಕಟ್ಟುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ಪುಡಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ.

8. ಹೆಡ್ ಗ್ಯಾಸ್ಕೆಟ್

ಹೊರಗೆ ಎಲ್ಲೂ ಸೋರಿಕೆ ಇಲ್ಲ, ಮಾರ್ಕರ್ ಗೆರೆಯಿಂದ ನೀರು ಇಳಿಯುತ್ತಲೇ ಇದೆ ಅಂದರೆ ಅನುಮಾನ ಇದರ ಮೇಲೆ. ಇಂಜಿನ್ ಬ್ಲಾಕ್ ಮತ್ತು ಅದರ ತಲೆಯ ನಡುವೆ ಇರುವ ತೆಳು ಹಾಳೆ ಹೆಡ್ ಗ್ಯಾಸ್ಕೆಟ್. ಅದು ಸುಟ್ಟರೆ ಸಿಲಿಂಡರಿನ ಬೆಂಕಿಗಾಳಿ ನೀರಿಗೆ ನುಗ್ಗುತ್ತದೆ, ನೀರು ಸಿಲಿಂಡರಿಗೋ ಆಯಿಲ್‌ಗೋ ಹೋಗುತ್ತದೆ.

ಬೆಳಿಗ್ಗೆ ಶುರು ಮಾಡಿದ ಒಂದೆರಡು ನಿಮಿಷದಲ್ಲೇ, ಇಂಜಿನ್ ಇನ್ನೂ ತಣ್ಣಗಿರುವಾಗಲೇ, ಮೇಲಿನ ಪೈಪ್ ಕಲ್ಲಿನಂತೆ ಗಟ್ಟಿಯಾಗುತ್ತದಾ? ಬಾಟಲಿಯಲ್ಲಿ ಬಿಡದೆ ಗುಳ್ಳೆ ಬರುತ್ತದಾ? ಇಂಜಿನ್ ಬಿಸಿಯಾದಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತದಾ? ಡಿಸೆಂಬರ್ ಚಳಿಯಲ್ಲಿ ಪುಣೆಯಲ್ಲಿ ಬೆಳಿಗ್ಗೆ ಸ್ವಲ್ಪ ಹಬೆ ಬರುವುದು ಸಹಜ, ಅದಕ್ಕೆ ಹೆದರಬೇಡಿ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಮಳೆಗಾಲದಲ್ಲಿ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಗಳಲ್ಲಿ ಬರೀ ತೇವದಿಂದಲೂ ಹಾಗಾಗುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಅದರಲ್ಲೂ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಶುರುವೇ ಮಾಡಬೇಡಿ.

ಖಚಿತ ಮಾಡಿಕೊಳ್ಳಲು ಬ್ಲಾಕ್ ಟೆಸ್ಟ್ ಇದೆ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟು ಒಳಗಿನ ಗಾಳಿ ಎಳೆಯುತ್ತಾರೆ. ಪೆಟ್ರೋಲ್ ಗಾಡಿಯಲ್ಲಿ ನೀಲಿ ಹಳದಿಗೆ ತಿರುಗಿದರೆ ಸುಟ್ಟ ಗ್ಯಾಸ್ ನೀರಿಗೆ ಬರುತ್ತಿದೆ. ಈ ಟೆಸ್ಟ್ ಮಾಡದೆ "ಹೆಡ್ ಇಳಿಸಬೇಕು" ಅಂದರೆ ಒಪ್ಪಬೇಡಿ. ಹೆಡ್ ಇಳಿಸಿದಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ ಸೊಟ್ಟ ಆಗಿದೆಯಾ ಅಂತ ಅಳೆಸಿ, ಆಗಿದ್ದರೆ ಲೇಥ್‌ನಲ್ಲಿ ಫೇಸ್ ಹೊಡೆಸಿ, ಬಿರುಕು ನೋಡಿಸಿ. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಕೆಲವೇ ತಿಂಗಳಲ್ಲಿ ಮತ್ತೆ ಹೋಗುತ್ತದೆ. ಮುಖ್ಯವಾಗಿ, ಗ್ಯಾಸ್ಕೆಟ್ ಸುಟ್ಟಿದ್ದು ಯಾಕೆ ಅಂತ ಕೇಳಿ. ಹೆಚ್ಚಿನ ಸಲ ಮೇಲಿನ ಹಂತಗಳಲ್ಲಿ ಒಂದನ್ನು ಯಾರೋ ಕಡೆಗಣಿಸಿರುತ್ತಾರೆ.

ಡೀಸೆಲ್ ಗಾಡಿಯವರಿಗೆ ಒಂದು ಮಾತು. ಇಜಿಆರ್ ಕೂಲರ್ ಅಂತ ಹೊಗೆಯನ್ನು ತಂಪು ಮಾಡುವ ಭಾಗ ಒಂದಿದೆ, ಅದು ಒಳಗೆ ಸೋರಿದರೂ ಇದೇ ಲಕ್ಷಣ ಕಾಣುತ್ತದೆ. ಹೆಡ್ ಇಳಿಸುವ ಮೊದಲು ಅದನ್ನು ನೋಡಿಸಿ.

9. ಗಾಳಿ ತೆಗೆಯುವುದು

ಕೂಲೆಂಟ್ ಬದಲಿಸಿದಾಗ, ಪೈಪ್ ಬಿಚ್ಚಿದಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಇದ್ದಲ್ಲಿ ನೀರು ತಲುಪದು, ಅಲ್ಲಿ ಹೀಟ್. ಗಾಡಿಯ ಮೂತಿ ಮೇಲಿರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಗೆ ಇಡಿ. ಇಂಜಿನ್ ತಣ್ಣಗಿರುವಾಗ ನಿಧಾನ ತುಂಬಿಸಿ, ಮೇಲಿನ ಪೈಪನ್ನು ಆಗಾಗ ಹಿಚುಕಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಗುಳ್ಳೆ ನಿಂತು ನೀರು ಬರುವವರೆಗೆ ಸಡಿಲಿಸಿ, ಆಮೇಲೆ ಬಿಗಿ ಮಾಡಿ. ಮುಚ್ಚಳ ಹಾಕಿ ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಓಡಿಸಿ. ಪೂರ್ತಿ ತಣ್ಣಗಾದಮೇಲೆ ಮತ್ತೆ ಮಟ್ಟ ನೋಡಿ, ಖಂಡಿತ ಇಳಿದಿರುತ್ತದೆ, ತುಂಬಿಸಿ.

10. ಗ್ಯಾರೇಜಿನಲ್ಲಿ ಏನು ಹೇಳಬೇಕು

ಬರೀ "ಗಾಡಿ ಗರಮ್ ಹೋತೇಯ್" ಅಂದರೆ ಮೆಕ್ಯಾನಿಕ್ ತನಗೆ ತಿಳಿದದ್ದನ್ನು ಮಾಡುತ್ತಾನೆ. ಹೊಸದಾಗಿ ಬಂದು ಮರಾಠಿ ಬಾರದವರು ಇದೆರಡು ಕಲಿತುಕೊಳ್ಳಿ. "ಫ್ಯಾನ್ ಚಾಲೂ ಹೋತ್ ನಾಹಿ" ಅಂದರೆ ಫ್ಯಾನ್ ಶುರುವಾಗುತ್ತಿಲ್ಲ. "ಕೂಲೆಂಟ್ ಕಮೀ ಹೋತಂಯ್" ಅಂದರೆ ಕೂಲೆಂಟ್ ಇಳಿಯುತ್ತಿದೆ. ಜೊತೆಗೆ ನಿಮ್ಮ ಚೀಟಿ ತೋರಿಸಿ: ಎಲ್ಲಿ, ಯಾವ ವೇಗದಲ್ಲಿ, ಎಷ್ಟು ಡಿಗ್ರಿ, ಎಷ್ಟು ದಿನಕ್ಕೆ ಎಷ್ಟು ನೀರು ಇಳಿಯಿತು. ಬದಲಿಸಿದ ಹಳೆ ಸಾಮಾನು ವಾಪಸ್ ಕೇಳಿ.

ರಿಪೇರಿ ಆದಮೇಲೆ ನೇರ ಊರಿಗೆ ಹೊರಡಬೇಡಿ. ಮೊದಲು ಏಸಿ ಹಾಕಿ ನಿಂತಲ್ಲೇ 20 ನಿಮಿಷ ಇಂಜಿನ್ ಓಡಿಸಿ. ಆಮೇಲೆ ಹತ್ತಿರದ ಏರು ಒಂದನ್ನು ಹತ್ತಿಸಿ. ಪುಣೆಯವರಿಗೆ ಸಾಸವಡ್ ದಾರಿಯ ದಿವೇ ಘಾಟ್ ಇದೆ, ಕಾತ್ರಜ್‌ನ ಹಳೆ ಘಾಟ್ ಇದೆ. ಸ್ಕ್ಯಾನರ್ ಮೇಲೆ ಪಕ್ಕದಲ್ಲಿ ಕೂತವರು ಕಣ್ಣಿಟ್ಟಿರಲಿ, ಓಡಿಸುವವರು ಬೇಡ. ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬಾಟಲಿಯ ಮೇಲಿನ ಮಾರ್ಕರ್ ಗೆರೆ ನೋಡಿ. ನೀರು ಅಲ್ಲೇ ನಿಂತಿದ್ದರೆ ಊರಿಗೆ ಫೋನ್ ಮಾಡಿ, ಬರ್ತಿದ್ದೀವಿ ಅಂತ ಹೇಳಿ.